ಕರೆದರೆ ಯಾರು ಬರಬೇಕೋ ಅವರೇ ಬರಬೇಕು

ಹೋದ ಸಂಚಿಕೆಯಲ್ಲಿ ನಮ್ಮ ಮನೆಯ ನಾಲ್ಕು ನಾಯಿಗಳ ಬಗ್ಗೆ ಬರೆದಿದ್ದೆ. ಕೆಂಚ, ಕಾಟಿ, ಗುಂಡು, ರಾಣಿ. ಊಟ, ಕಾಯಿಲೆ, ಉಣ್ಣಿ ಕಾಟದ ಬಗ್ಗೆ ಪ್ರಶ್ನೆ ಬರುತ್ತವೆ ಅಂದುಕೊಂಡಿದ್ದೆ. ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಹೆಸರಿನ ಬಗ್ಗೆಯೇ ಇವೆ. ಏನು ಹೆಸರಿಡೋದು, ಇಟ್ಟ ಹೆಸರು ಬದಲಾಯಿಸಬಹುದಾ, ಕರೆದರೆ ಯಾಕೆ ಬರಲ್ಲ. ಮನೆಯಲ್ಲಿ ಒಂದೇ ನಾಯಿ ಇದ್ದರೆ ಏನು ಕರೆದರೂ ನಡೆಯುತ್ತೆ. ನಾಲ್ಕು ಐದು ಇದ್ದಾಗ ಹೆಸರು ತುಂಬ ದೊಡ್ಡ ವಿಷಯ. ಹಾಗಾಗಿ ಈ ಸಲ ಅದನ್ನೇ ಹಿಡಿದುಕೊಂಡಿದ್ದೇನೆ.

ಪ್ರಶ್ನೆ: ಅಕ್ಕಾ, ನಮ್ಮದು ಸಕಲೇಶಪುರದ ಹತ್ತಿರ ಚಿಕ್ಕ ಕಾಫಿ ತೋಟ. ಮನೆಯಲ್ಲಿ ಮೂರು ನಾಯಿ ಇವೆ, ಜಿಮ್ಮಿ, ಪಮ್ಮಿ, ಟಾಮಿ. ಈಗ ತಂಗಿ ಮನೆಯಿಂದ ಎರಡು ಮರಿ ಬಂದಿವೆ, ಒಂದು ಕಪ್ಪು, ಒಂದು ಬಿಳಿ. ಮಕ್ಕಳು ಕಾಫಿ, ಏಲಕ್ಕಿ ಅಂತ ಇಡೋಣ ಅಂತಾರೆ. ನಮ್ಮ ಮಾವ, ನಾಯಿಗೆ ಅದೆಲ್ಲ ಯಾಕೆ, ಕರಿಯ, ಬಿಳಿಯ ಅನ್ನಿ ಸಾಕು ಅಂತಾರೆ. ಇರುವ ಮೂರರಲ್ಲಿ ಒಂದನ್ನು ಕರೆದರೆ ಮೂರೂ ಓಡಿ ಬರುತ್ತವೆ, ಇಲ್ಲಾಂದ್ರೆ ಒಂದೂ ತಿರುಗಿ ನೋಡಲ್ಲ. ಹೆಸರು ಹೇಗೆ ಆರಿಸಬೇಕು?
(ಗೃಹಿಣಿ, ಸಕಲೇಶಪುರ)

ಉತ್ತರ: ಇವತ್ತು ಸಂಜೆ ಒಂದು ಕೆಲಸ ಮಾಡಿ. ನಿಮ್ಮ ಯಜಮಾನರನ್ನು ತೋಟದ ಆ ತುದಿಗೆ ಕಳಿಸಿ. ನೀವು ಅಂಗಳದಲ್ಲಿ ನಿಂತು ಜಿಮ್ಮಿ, ಪಮ್ಮಿ, ಟಾಮಿ ಅಂತ ಒಂದೊಂದಾಗಿ ಕೂಗಿ. ಅವರಿಗೆ ಏನು ಕೇಳಿಸಿತು ಅಂತ ಆಮೇಲೆ ಕೇಳಿ. ಮೂರೂ ಸಲ 'ಮೀಈಈ' ಅಂತಲೇ ಕೇಳಿರುತ್ತೆ. ನಿಮ್ಮ ನಾಯಿಗಳಿಗೂ ಅಷ್ಟೇ ಕೇಳುವುದು.

ಇದನ್ನು ನಾನು ಸುಮ್ನೆ ಹೇಳುತ್ತಿಲ್ಲ. ಹನ್ನೊಂದು ವರ್ಷದ ಹಿಂದೆ ನಮ್ಮ ಮನೆಯಲ್ಲಿ ಚಿನ್ನಿ, ಮುನ್ನಿ ಅಂತ ಅಕ್ಕ ತಂಗಿಯರಿದ್ದರು. ಒಂದೇ ಸೂಲಿನ ಮರಿಗಳು, ಹೆಸರೂ ಜೋಡಿಯಾಗಿರಲಿ ಅಂತ ನಾನೇ ಇಟ್ಟಿದ್ದೆ. ನಮ್ಮ ತೋಟದ ಗೇಟಿನ ಮುಂದೆಯೇ ಟಾರು ರಸ್ತೆ, ಅಲ್ಲೇ ತಿರುವು. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗೆ ಅರಳಿದ್ದ ದಿನ. ಚಿನ್ನಿ ಗೇಟಿನ ಒಳಗೆ ನಿಂತಿದ್ದಳು, ಮುನ್ನಿ ರಸ್ತೆಯ ಆಚೆ ಬೇಲಿ ಮೂಸುತ್ತಿದ್ದಳು. ಕೆಳಗಿನಿಂದ ಪಿಕಪ್ ಬರುವ ಸದ್ದು ಕೇಳಿ, ಚಿನ್ನಿ ಎಲ್ಲಿ ರಸ್ತೆಗೆ ಓಡುತ್ತಾಳೋ ಅಂತ ಹೆದರಿ 'ಚಿನ್ನೀ, ಬಾ' ಅಂತ ಕೂಗಿದೆ. ಚಿನ್ನಿ ಬಂದಳು. ಮುನ್ನಿಯೂ ಬಂದಳು. ಅವಳಿಗೆ ಕೇಳಿದ್ದು 'ನ್ನೀ, ಬಾ' ಅಷ್ಟೇ ಇರಬೇಕು. ಗಾಡಿಯವನ ತಪ್ಪಿಲ್ಲ, ಅವಳ ತಪ್ಪಂತೂ ಇಲ್ಲವೇ ಇಲ್ಲ. ಕರೆದರು, ಬಂದಳು. ಅವತ್ತಿನಿಂದ ನಮ್ಮ ಮನೆಯಲ್ಲಿ ಕಿವಿ ಕೇಳುವ ಯಾವ ಎರಡು ನಾಯಿಗಳ ಹೆಸರೂ ಒಂದೇ ತರ ಇಲ್ಲ.

ನಾಯಿಯ ಕಿವಿ ಚುರುಕು ನಿಜ. ಕೀರಲು ಸದ್ದು ನಮಗೆ ಸುಮಾರು 20,000 ಹರ್ಟ್ಸ್‌ವರೆಗೆ ಕೇಳಿದರೆ ಅವಕ್ಕೆ 45,000 ಹರ್ಟ್ಸ್‌ವರೆಗೂ ಕೇಳುತ್ತೆ. ಆದರೆ ಸದ್ದು ಕೇಳುವುದೇ ಬೇರೆ, ಮಾತಿನ ಒಂದೊಂದು ಅಕ್ಷರ ಬಿಡಿಸಿಕೊಳ್ಳುವುದೇ ಬೇರೆ. ಹಂಗೆರಿಯಲ್ಲಿ ನಾಯಿಗಳ ತಲೆಗೆ ತಂತಿ ಅಂಟಿಸಿ ಮೆದುಳಿನ ಅಲೆ ಅಳೆದು ನೋಡಿದ್ದಾರೆ. 2020ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಗೊತ್ತಿರುವ ಮಾತನ್ನೂ ಒಂದೇ ಅಕ್ಷರ ಬದಲಾದ ಅರ್ಥವಿಲ್ಲದ ಮಾತನ್ನೂ ನಾಯಿಗಳ ಮೆದುಳು ಬೇರೆಬೇರೆ ಮಾಡಿಕೊಂಡಿರಲಿಲ್ಲ. ಪೂರ್ತಿ ಬೇರೆ ಮಾತಾದರೆ ಮಾತ್ರ ತಕ್ಷಣ ಗೊತ್ತಾಗುತ್ತಿತ್ತು. ನಮ್ಮ ಗೇಟಿನ ಮುಂದೆ ನಡೆದದ್ದೂ ಅದೇ ಅಲ್ವಾ?

ನಾವು ಕನ್ನಡದಲ್ಲಿ ಕರೆಯುವಾಗ ಹೆಸರಿನ ಕೊನೆಯನ್ನು ಎಳೆಯುತ್ತೇವೆ. ಕೆಂಚಾಆಆ. ಗುಂಡೂಊಊ. ತೋಟದ ಇಳಿಜಾರಿನಲ್ಲಿ, ಮರಗಳ ನಡುವೆ, ಮಳೆಯಲ್ಲಿ, ಆ ಕೊನೆಯ ಸ್ವರ ಮಾತ್ರ ದೂರ ಹೋಗುತ್ತೆ. ಅದಕ್ಕೇ ನಾನು ಮೊದಲು ನೋಡುವುದು ಹೆಸರಿನ ಬಾಲವನ್ನು. ಒಬ್ಬನಿಗೆ 'ಆ' ಬಂದರೆ ಇನ್ನೊಬ್ಬಳಿಗೆ 'ಈ', ಮತ್ತೊಬ್ಬನಿಗೆ 'ಊ'. ಇಂಗ್ಲಿಷ್ ಹೆಸರಿಟ್ಟರೂ ಇದೇ ಆಗುವುದು. ಮ್ಯಾಕ್ಸ್ ಅಂತ ಇಟ್ಟವರು ಹಿತ್ತಲಲ್ಲಿ ನಿಂತು 'ಮ್ಯಾಕ್ಸಾ' ಅಂತಲೇ ಕೂಗುತ್ತಾರೆ.

ಎರಡು ಅಕ್ಷರ ಸಾಕು, ಹೆಚ್ಚೆಂದರೆ ಮೂರು. ಕ, ಗ, ಟ, ಪ ತರದ ಗಟ್ಟಿ ಅಕ್ಷರದಿಂದ ಶುರುವಾದರೆ ಕಿವಿಗೆ ಬೇಗ ಬೀಳುತ್ತೆ. ನೀವು ಹೇಳಿಕೊಡುವ ಮಾತಿನ ಹಾಗೆ ಕೇಳಬಾರದು. 'ಸಿಟ್' ಅಂತ ಕಲಿಸುವ ಮನೆಯಲ್ಲಿ ಕಿಟ್ಟು ಬೇಡ. 'ನೋ' ಅಂತ ಗದರುವ ಮನೆಯಲ್ಲಿ ಬ್ರೂನೋ ಬೇಡ, ಪಾಪ, ಅವನಿಗೆ ಹೆಸರು ಕೇಳಿದಾಗಲೆಲ್ಲ ಬೈದ ಹಾಗೆ ಆಗುತ್ತೆ.

ಇನ್ನು ಮಕ್ಕಳ ಹೆಸರಿಗೆ ಬರೋಣ. 'ಕಾಫಿ' ಮುದ್ದಾದ ಹೆಸರು, ಆದರೆ ನಮ್ಮ ಜಿಲ್ಲೆಗಳಲ್ಲಿ ಬೇಡವೇ ಬೇಡ. ಕಾಫಿ ಕುಡೀತೀರಾ, ಕಾಫಿ ಒಣಗಿತಾ, ಕಾಫಿ ರೇಟು ಎಷ್ಟಾಯ್ತು ಅಂತ ದಿನಕ್ಕೆ ಎಷ್ಟು ಸಲ ಹೇಳುತ್ತೇವೆ ಎಣಿಸಿ ನೋಡಿ. ಮೊದಲ ವಾರ ಮರಿ ಪ್ರತಿ ಸಲವೂ ಎದ್ದು ಬರುತ್ತೆ. ಯಾರೂ ತನ್ನನ್ನು ಕರೆದಿಲ್ಲ ಅಂತ ಗೊತ್ತಾಗಿ ಎರಡನೇ ವಾರ ಏಳುವುದನ್ನು ಬಿಡುತ್ತೆ. ಆಮೇಲೆ ನಿಜವಾಗಿ ಕರೆದಾಗಲೂ ಏಳಲ್ಲ. ಏಲಕ್ಕಿ ಪರವಾಗಿಲ್ಲ, ಅದನ್ನು 'ಏಲು' ಮಾಡಿ. ಕೊನೆಗೆ 'ಊ' ಬಂತು, ಉಳಿದ ಯಾರಿಗೂ ಇಲ್ಲದ ಸ್ವರ.

ನಿಮ್ಮ ಮಾವ ಹೇಳಿದ್ದನ್ನು ಹಳೇ ಕಾಲದ್ದು ಅಂತ ತಳ್ಳಿಹಾಕಬೇಡಿ. ಬಣ್ಣ ನೋಡಿ ಹೆಸರಿಡುವುದು ನಮ್ಮ ಕಡೆಯ ತುಂಬ ಹಿಂದಿನ ಪದ್ಧತಿ. ಕಾಳು, ಕೆಂಚ, ಹಂಡ, ಬೆಳ್ಳಿ. ಪುರಾಣದಲ್ಲಿ ಯಮನ ಎರಡು ನಾಯಿಗಳಿಗೂ ಶ್ಯಾಮ, ಶಬಲ ಅಂತ ಹೆಸರು. ಶ್ಯಾಮ ಅಂದರೆ ಕಪ್ಪು, ಶಬಲ ಅಂದರೆ ಮಚ್ಚೆ ಮಚ್ಚೆ ಇರುವವನು. ನಮ್ಮ ಕರಿಯ, ಹಂಡ ಅಂದ ಹಾಗೇ ಆಯಿತು. ನಮ್ಮ ಕಾಟಿಗೂ ಹಾಗೇ ಹೆಸರು ಬಂದದ್ದು. ಮೈಯೆಲ್ಲ ಕಡು ಕಂದು, ನಾಲ್ಕೂ ಕಾಲಿಗೆ ಬಿಳಿ ಕಾಲುಚೀಲ ಹಾಕಿದ ಹಾಗೆ, ಕಾಡಿನಲ್ಲಿ ಕಾಟಿಗೆ, ಅಂದರೆ ಕಾಡುಕೋಣಕ್ಕೆ, ಇರುವುದೂ ಅದೇ ಕಾಲು. ಕೆಲಸಕ್ಕೆ ಬರುವ ಹೆಂಗಸೊಬ್ಬರು ಮೊದಲ ದಿನವೇ 'ಕಾಟಿ ಮರಿ ಬಂತಲ್ಲ' ಅಂದರು, ಅದೇ ಉಳಿಯಿತು. ಆದರೆ ಕರಿಯ, ಬಿಳಿಯ ಎರಡೂ ಒಟ್ಟಿಗೆ ಬೇಡ, ಬಾಲ ಒಂದೇ ಆಗುತ್ತೆ. ಕಪ್ಪು ಮರಿ ಕರಿಯ, ಬಿಳಿ ಮರಿ ಏಲು. ಮಾವನ ಮಾತೂ ಉಳಿಯಿತು, ಮಕ್ಕಳದೂ ಉಳಿಯಿತು.

ಹಳೆಯ ಮೂರರಲ್ಲಿ ದೊಡ್ಡವಳು ಜಿಮ್ಮಿ ಹಾಗೇ ಇರಲಿ. ಟಾಮಿ ಹೆಸರಿನ ಮೊದಲ ಅಕ್ಷರ ಇಟ್ಟುಕೊಂಡು ಟಾಮೇ ಅನ್ನಿ. ಪಮ್ಮಿಯನ್ನು ಪಮ್ಮೋ ಅಂತ ಕರೆಯಿರಿ. ಐದು ದಿನ ಮನೆಯವರೆಲ್ಲ ತಪ್ಪದೆ ಹಾಗೇ ಕರೆದರೆ ಸಾಕು, ಅವಕ್ಕೆ ಕಷ್ಟ ಆಗಲ್ಲ. ಕಷ್ಟ ಆಗುವುದು ನಿಮ್ಮ ಮನೆಯ ಹಿರಿಯರಿಗೆ.

ಮರಿಗಳಿಗೆ ಕಲಿಸುವಾಗ ಒಂದೊಂದನ್ನೇ ಬೇರೆ ಕೋಣೆಗೆ ಕರೆದುಕೊಂಡು ಹೋಗಿ. ಕೈಯಲ್ಲಿ ಬೇಯಿಸಿದ ಕೋಳಿಮಾಂಸದ, ಉಗುರಿನಷ್ಟು ಚಿಕ್ಕ ಚೂರುಗಳಿರಲಿ. ಹೆಸರು ಒಂದೇ ಸಲ ಹೇಳಿ, ತಿರುಗಿ ನೋಡಿದ ತಕ್ಷಣ ಚೂರು ಕೊಡಿ. ಐದಾರು ಸಲ ಆದರೆ ಮುಗಿಸಿ. ದಿನಕ್ಕೆ ಮೂರು ಹೊತ್ತು. ಏಲು ಏಲು ಏಲು ಅಂತ ಜಪ ಮಾಡಬೇಡಿ. ಮತ್ತೆ, ದಯವಿಟ್ಟು, ಹೆಸರು ಹಿಡಿದು ಕರೆದು ಬೈಯಬೇಡಿ, ಹೊಡೆಯಬೇಡಿ, ಸರಪಳಿ ಹಾಕಬೇಡಿ. ಸ್ನಾನ ಮಾಡಿಸಬೇಕಾದರೂ ಕರೆಯದೆ ನೀವೇ ಹತ್ತಿರ ಹೋಗಿ ಹಿಡಿದುಕೊಳ್ಳಿ. ತನ್ನ ಹೆಸರು ಕೇಳಿದರೆ ಒಳ್ಳೆಯದೇ ಆಗುತ್ತೆ ಅನ್ನುವ ನಂಬಿಕೆ ಅದಕ್ಕೆ ಇರಬೇಕು. ಸಂಜೆ ಕತ್ತಲಾಗುವ ಹೊತ್ತಿಗೆ ತೋಟದ ಅಂಚಿನಲ್ಲಿ ಚಿರತೆ ಓಡಾಡುವ ಊರು ನಮ್ಮದು. ಅಂಥ ಹೊತ್ತಲ್ಲಿ ಕರೆದ ಒಂದೇ ಕೂಗಿಗೆ ಅದು ಒಳಗೆ ಬರಬೇಕು. ರಾತ್ರಿ ಅಂಗಳದಲ್ಲಿ ಕಟ್ಟಿಹಾಕಲೂ ಬೇಡಿ, ಕಟ್ಟಿದ ನಾಯಿಗೆ ಓಡಲೂ ದಾರಿ ಇರಲ್ಲ. ಒಳಗೆ ಮಲಗಿಸಿ.

ಪ್ರಶ್ನೆ: ಬೀದಿಯಲ್ಲಿದ್ದ ದೊಡ್ಡ ನಾಯಿಯನ್ನು ಮನೆಗೆ ತಂದಿದ್ದೇವೆ. ಅಂಗಡಿಯವರು ಅದನ್ನು ಬ್ಲ್ಯಾಕಿ ಅಂತ ಕರೆಯುತ್ತಿದ್ದರು. ನಾಲ್ಕು ವರ್ಷದ ನಾಯಿಗೆ ಹೊಸ ಹೆಸರು ಹತ್ತುತ್ತಾ?
(ವಿದ್ಯಾರ್ಥಿ, ಹಾಸನ)

ಉತ್ತರ: ಖಂಡಿತ ಹತ್ತುತ್ತೆ. ಅಮೆರಿಕದಲ್ಲಿ ಚೇಸರ್ ಅಂತ ಒಂದು ಬಾರ್ಡರ್ ಕೋಲಿ ತಳಿಯ ನಾಯಿ ಇತ್ತು. 1,022 ಆಟದ ಸಾಮಾನುಗಳ ಹೆಸರು ಕಲಿತು, ಹೇಳಿದ್ದನ್ನೇ ಹೆಕ್ಕಿ ತರುತ್ತಿತ್ತು. ಎಲ್ಲ ನಾಯಿಯೂ ಚೇಸರ್ ಅಲ್ಲ, ಆದರೆ ಇನ್ನೊಂದು ಹೆಸರು ಕಲಿಯುವುದು ಯಾವ ನಾಯಿಗೂ ಭಾರವಲ್ಲ. ಮೊದಲು ಹೊಸ ಹೆಸರು, ಅದರ ಹಿಂದೆಯೇ ಹಳೆಯ ಹೆಸರು ಹೇಳಿ, ತಿರುಗಿದಾಗ ತಿನ್ನಲು ಕೊಡಿ. ವಾರ ಕಳೆದ ಮೇಲೆ ಹಳೆಯದನ್ನು ಮೆಲ್ಲಗೆ ಬಿಡಿ. ಆ ಅಂಗಡಿಯವರು ಬ್ಲ್ಯಾಕಿ ಅಂತಲೇ ಕರೆದರೂ ಬೇಡ ಅನ್ನಬೇಡಿ, ನೀವು ಬರುವ ಮುಂಚೆ ಅನ್ನ ಹಾಕಿದವರು ಅವರು.

ಪ್ರಶ್ನೆ: ನಮ್ಮ ನಾಯಿಯ ಹೆಸರು ರಾಜು. ಆರು ವರ್ಷದಿಂದ ಇದೇ ಹೆಸರು. ಈಗ ಎದುರು ಮನೆಗೆ ಬಾಡಿಗೆಗೆ ಬಂದವರ ಹೆಸರೂ ಅದೇ. ನಾವು ಕರೆದಾಗಲೆಲ್ಲ ಅವರ ಮುಖ ಸಣ್ಣದಾಗುತ್ತೆ. ನಮ್ಮ ನಾಯಿ ಮೊದಲಿನಿಂದ ಇದೆ, ನಾವು ಯಾಕೆ ಬದಲಾಯಿಸಬೇಕು ಅಂತ ಅಣ್ಣ ವಾದ ಮಾಡುತ್ತಾನೆ.
(ಓದುಗರು, ಬೇಲೂರು)

ಉತ್ತರ: ಇವತ್ತೇ ಬದಲಾಯಿಸಿ. ನಿಮ್ಮ ಅಣ್ಣನ ಲೆಕ್ಕ ಸರಿಯಿರಬಹುದು, ಆದರೆ ಎದುರು ಮನೆಯವರು ದಿನಾ ನೋಯುತ್ತಿದ್ದಾರೆ. 'ರಾಜು, ಹೊರಗೆ ಹೋಗು', 'ರಾಜು, ಕಸ ಮೂಸಬೇಡ' ಅಂತ ಬೀದಿಯಲ್ಲಿ ಕೇಳಿಸಿಕೊಳ್ಳುವುದು ಯಾರಿಗೂ ಬೇಡ. ಅವರ ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಇನ್ನೂ ಕಷ್ಟ. ನಾಯಿಗೆ ಇದರಲ್ಲಿ ಏನೂ ನಷ್ಟವಿಲ್ಲ. ಅದಕ್ಕೆ ಬೇಕಾದ್ದು ನಿಮ್ಮ ದನಿ.

ಇದೇ ಸಂದರ್ಭದಲ್ಲಿ ಎಲ್ಲರಿಗೂ ಒಂದು ಮಾತು. ಸಿಟ್ಟಿರುವವರ ಹೆಸರು, ಜಾತಿಯನ್ನು ಸೂಚಿಸುವ ಹೆಸರು, ರಾಜಕೀಯದವರ ಹೆಸರನ್ನು ನಾಯಿಗೆ ಇಡಬೇಡಿ. ಅದು ನಾಯಿಗೂ ಅವಮಾನ. ಹೆಸರಿಡುವಾಗ ನಮ್ಮ ಮನಸ್ಸು ತಿಳಿಯಾಗಿರಬೇಕು.

ನೀವು ಬೇಲೂರಿನವರು ಅಂದಮೇಲೆ ಇದೊಂದು ನೆನಪಾಯಿತು. ದೇವಸ್ಥಾನಕ್ಕೆ ಹೋದಾಗಲೆಲ್ಲ ಹುಲಿಯನ್ನು ಇರಿಯುವ ಸಳನ ಶಿಲ್ಪ ನೋಡಿರುತ್ತೀರಿ. ಮೂಡಿಗೆರೆ ತಾಲ್ಲೂಕಿನ ಅಂಗಡಿ ಊರಿನಲ್ಲಿ ಹುಲಿ ಎರಗಿ ಬಂದಾಗ ಗುರುಗಳು 'ಹೊಯ್ ಸಳ' ಅಂದರು, ಅವನು ಹೊಡೆದ, ಅದೇ ವಂಶದ ಹೆಸರಾಯಿತು ಅಂತ ಕಥೆ. ನಾಯಿಗೆ ಆ ಹೆಸರಿಡಿ ಅಂತ ಹೇಳುತ್ತಿಲ್ಲ. ಆ ಕೂಗನ್ನು ನೋಡಿ. ಎರಡು ಅಕ್ಷರದ ಹೆಸರು, ಅದಕ್ಕಿಂತ ಚಿಕ್ಕ ಮಾತು. ಕೇಳಿಸಿಕೊಳ್ಳುವವನಿಗೆ ಅರೆಕ್ಷಣವೂ ವ್ಯರ್ಥವಾಗಲಿಲ್ಲ. ನಿಮ್ಮ ನಾಯಿಗೆ ರಾಜು ಬದಲು 'ಗಾಜು' ಅನ್ನಬೇಡಿ, ಮತ್ತೆ ಅದೇ ಗೊಂದಲ. 'ಕಾಳ', 'ಟಿಪ್ಪ', 'ಪುಟ್ಟ' ತರದ್ದು ಹುಡುಕಿ.

ಪ್ರಶ್ನೆ: ನಮ್ಮಲ್ಲಿ ಮೂರು ಗಂಡು ನಾಯಿ. ಮುದ್ದೆ ಹಾಕುವ ಹೊತ್ತಿಗೆ ದಿನಾ ಜಗಳ. ಮೊನ್ನೆ ಬಿಡಿಸಲು ಹೋದ ಅಪ್ಪನಿಗೆ ನಮ್ಮ ನಾಯಿಯೇ ಕಚ್ಚಿತು. ಮನೆಯ ನಾಯಿ ತಾನೇ ಅಂತ ಅರಿಶಿನ ಹಚ್ಚಿದ್ದೇವೆ.
(ರೈತರು, ಅರಸೀಕೆರೆ)

ಉತ್ತರ: ಮೊದಲು ಅಪ್ಪನ ವಿಷಯ. ಇದನ್ನು ಓದಿದ ಕೂಡಲೇ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ, ದಿನ ಕಳೆದಿದೆ ಅಂತ ಸುಮ್ಮನಿರಬೇಡಿ. ಮನೆಯ ನಾಯಿಯೇ ಆದರೂ, ಲಸಿಕೆ ಹಾಕಿಸಿದ್ದರೂ, ಡಾಕ್ಟರಿಗೆ ತೋರಿಸಲೇಬೇಕು. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸಲು ಆಗುವುದಿಲ್ಲ ಅಂತಲೇ ಹೇಳಬೇಕು, ಅದಕ್ಕೂ ಮುಂಚೆ ಚುಚ್ಚುಮದ್ದು ತೆಗೆದುಕೊಂಡರೆ ಬರದ ಹಾಗೆ ತಡೆಯಬಹುದು. ಮುಂದೆ ಯಾರಿಗಾದರೂ ಕಚ್ಚಿದರೆ ಹರಿಯುವ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಖಾರದಪುಡಿ ಯಾವುದೂ ಬೇಡ.

ಈಗ ಜಗಳ. ಮೂರಕ್ಕೂ ಒಂದೇ ಗಂಗಳದಲ್ಲಿ ಹಾಕುತ್ತಿದ್ದೀರಿ ಅಂತ ನನ್ನ ಊಹೆ. ಮೂರು ಪಾತ್ರೆ, ಮೂರು ಮೂಲೆ, ಒಬ್ಬರ ಮುಖ ಒಬ್ಬರಿಗೆ ಕಾಣದ ಹಾಗೆ. ಒಂದು ಜಗಲಿ ಮೇಲೆ, ಒಂದು ಕೊಟ್ಟಿಗೆ ಬಾಗಿಲಲ್ಲಿ, ಒಂದು ಹಿತ್ತಲಲ್ಲಿ. ಜಾಗ ದಿನಾ ಅದೇ ಇರಲಿ. ಪಾತ್ರೆ ಕೈಯಲ್ಲಿ ಹಿಡಿದು ಒಬ್ಬನ ಹೆಸರು ಕರೆಯಿರಿ, ಅವನು ಬಂದ ಮೇಲೆ ಅವನ ಮೂಲೆಯಲ್ಲಿ ಇಡಿ. ಆಮೇಲೆ ಎರಡನೆಯವನ ಹೆಸರು. ನಮ್ಮ ಮನೆಯಲ್ಲಿ ಕೆಂಚ ಮೊದಲು, ಗುಂಡು ಕೊನೆ. ಮೊದಮೊದಲು ಗುಂಡು ತಡೆಯಲಾರದೆ ಕುಂಯ್‌ಗುಡುತ್ತಿದ್ದ. ಒಂದು ತಿಂಗಳಾದ ಮೇಲೆ ನೋಡಿ, ಬೇರೆಯವರ ಹೆಸರು ಕರೆದರೆ ಕಿವಿಯನ್ನೂ ಅಲ್ಲಾಡಿಸಲ್ಲ, ತನ್ನ ಹೆಸರಿನ 'ಗು' ಬಂದರೆ ಎದ್ದು ನಿಂತಿರುತ್ತಾನೆ. ತನ್ನ ಸರದಿ ಬಂದೇ ಬರುತ್ತೆ ಅಂತ ಗೊತ್ತಾದ ನಾಯಿ ಕಿತ್ತುಕೊಳ್ಳಲು ಹೋಗಲ್ಲ. ಎಲ್ಲರದೂ ಮುಗಿದ ಮೇಲೆ ಪಾತ್ರೆ ಎತ್ತಿಬಿಡಿ.

ಮತ್ತೆ ಜಗಳ ಆದರೆ ನಡುವೆ ಕೈ ಹಾಕಬೇಡಿ. ಒಂದು ಬಕೆಟ್ ನೀರು ಎರಚಿ, ಇಲ್ಲಾ ಗೋಣಿಚೀಲ ಎಸೆಯಿರಿ. ಮುದ್ದೆ ಒಳ್ಳೆಯದು, ಆದರೆ ಈರುಳ್ಳಿ ಬೆಳ್ಳುಳ್ಳಿ ಹಾಕಿದ ಸಾರು ಬೇಡ, ನಾಯಿಯ ರಕ್ತಕ್ಕೆ ಅದು ವಿಷ. ಮೂರೂ ಗಂಡು ಅಂದಿರಿ, ಸಂತಾನಹರಣ ಮಾಡಿಸುವ ಬಗ್ಗೆಯೂ ಪಶುವೈದ್ಯರ ಹತ್ತಿರ ಮಾತಾಡಿ.

ಪ್ರಶ್ನೆ: ನಮ್ಮ ಐದು ನಾಯಿಗಳ ಲಸಿಕೆ ಕಾರ್ಡು ಅದಲುಬದಲಾಗಿವೆ. ಕಾರ್ಡಿನಲ್ಲಿ ಮಗ ಹೇಳಿದ ಇಂಗ್ಲಿಷ್ ಹೆಸರುಗಳಿವೆ, ಮನೆಯಲ್ಲಿ ಬೇರೆ ಕರೆಯುತ್ತೇವೆ. ಯಾವುದಕ್ಕೆ ಹಾಕಿಸಿದೆ ಅಂತ ಗೊತ್ತಾಗುತ್ತಿಲ್ಲ.
(ಓದುಗರು, ಕಡೂರು)

ಉತ್ತರ: ಪಶು ಆಸ್ಪತ್ರೆಯಲ್ಲಿ ಹೀಗಾಗಿದೆ ಅಂತ ನೇರವಾಗಿ ಹೇಳಿ. ಅನುಮಾನ ಇರುವ ನಾಯಿಗೆ ಏನು ಮಾಡಬೇಕು ಅಂತ ಅವರೇ ನೋಡಿ ಹೇಳುತ್ತಾರೆ. ಇನ್ನು ಮೇಲೆ ಕಾರ್ಡಿನಲ್ಲಿ ಮನೆಯ ಹೆಸರನ್ನೇ ಬರೆಸಿ, ಪಕ್ಕದಲ್ಲಿ ಬಣ್ಣ, ಗುರುತು, ಒಂದು ಫೋಟೊ. ರೇಬಿಸ್ ಲಸಿಕೆ ಮೂರು ತಿಂಗಳಿಗೆ ಶುರು, ಆಮೇಲೆ ಡಾಕ್ಟರು ಹೇಳಿದ ಹಾಗೆ ವರ್ಷ ವರ್ಷ. ಐದಕ್ಕೂ ಒಂದೇ ದಿನ ಇಟ್ಟುಕೊಳ್ಳಿ. ನಾನು ಸೆಪ್ಟೆಂಬರ್ 28 ಇಟ್ಟುಕೊಂಡಿದ್ದೇನೆ, ವಿಶ್ವ ರೇಬಿಸ್ ದಿನ, ಮರೆಯಲ್ಲ. ಈ ಲಸಿಕೆ ಕಂಡುಹಿಡಿದ ಲೂಯಿ ಪಾಶ್ಚರ್ 1895ರಲ್ಲಿ ತೀರಿಕೊಂಡದ್ದು ಅದೇ ತಾರೀಖು.

ಪ್ರಶ್ನೆ: ಅಕ್ಕಾ, ನಮ್ಮ ಮನೆಯ ಮೂರು ನಾಯಿಗಳಲ್ಲಿ ಹಿರಿಯವನು ಬಂಟಿ ಹೋದ ತಿಂಗಳು ತೀರಿಕೊಂಡ. ಹದಿಮೂರು ವರ್ಷ ಆಗಿತ್ತು. ಮಗಳು ಊಟ ಬಿಟ್ಟಿದ್ದಳು ಅಂತ ಒಂದು ಮರಿ ತಂದೆವು. ಅವಳು ಅದಕ್ಕೂ ಬಂಟಿ ಅಂತಲೇ ಇಡಬೇಕು ಅಂತಾಳೆ. ಆದರೆ ಹಾಗೆ ಕರೆಯಲು ಹೋದರೆ ಅವಳಿಗೇ ಅಳು ಬರುತ್ತೆ. ಮರಿಯನ್ನು 'ಅದು' ಅಂತಾಳೆ, ಮುಟ್ಟುವುದೂ ಇಲ್ಲ. ಏನು ಮಾಡಲಿ?
(ತಾಯಿ, ಚಿಕ್ಕಮಗಳೂರು)

ಉತ್ತರ: ಮಗುವಿನ ವಯಸ್ಸು ಬರೆದಿಲ್ಲ, ಶಾಲೆಗೆ ಹೋಗುವ ಹುಡುಗಿ ಅಂದುಕೊಂಡು ಹೇಳುತ್ತೇನೆ. ಬಂಟಿ ಹೆಸರು ಮರಿಗೆ ಬೇಡ. ಅವಳಿಗೆ ಬೇಕಾಗಿರುವುದು ಹಳೆಯ ಬಂಟಿ. ಆ ಹೆಸರಿಟ್ಟರೆ ಮರಿ ಏನೇ ಮಾಡಿದರೂ ಬಂಟಿಯ ಹಾಗೆ ಮಾಡಲಿಲ್ಲ ಅಂತ ಕಾಣುತ್ತೆ, ಪಾಪ, ಅದಕ್ಕೆ ತನ್ನದು ಅಂತ ಒಂದು ಹೆಸರೂ ಇರಲ್ಲ. ಉಳಿದ ಎರಡು ನಾಯಿಗಳಿಗೂ ಬಂಟಿ ಅಂದರೆ ಯಾರು ಅಂತ ಗೊತ್ತು. ಚಿನ್ನಿ ನಮ್ಮಲ್ಲಿ ಎಷ್ಟೋ ದಿನ 'ಮುನ್ನಿ' ಅನ್ನುವ ಮಾತು ಕೇಳಿದರೆ ಗೇಟಿನ ಕಡೆ ನೋಡುತ್ತಿದ್ದಳು.

ಮರಿಗೆ ಹೆಸರಿಡಲು ಅವಸರ ಮಾಡಬೇಡಿ, ಹತ್ತು ದಿನ ಹಾಗೇ ಬಿಡಿ. ಅನ್ನ ಹಾಕುವ ಕೆಲಸ ಮಾತ್ರ ಮಗಳಿಗೇ ಕೊಡಿ, ಮಾತಾಡಿಸು ಅಂತ ಒತ್ತಾಯ ಬೇಡ. ನಮ್ಮ ಭಾಷೆಯಲ್ಲಿ ಒಂದು ಚಂದ ಇದೆ. ನಾಯಿ ಅಂದರೆ 'ಅದು', ಆದರೆ ಹೆಸರಿಟ್ಟ ನಾಯಿ 'ಅವನು', 'ಅವಳು'. ಯಾರೂ ಹೇಳಿಕೊಡದೆ ಎಲ್ಲರ ಬಾಯಲ್ಲೂ ಇದು ಬದಲಾಗುತ್ತೆ. ಒಂದು ದಿನ ಅವಳು 'ಅಮ್ಮಾ, ಅವನು ನನ್ನ ಚಪ್ಪಲಿ ಕಚ್ಚಿದ' ಅಂತ ದೂರು ಹೇಳಿಕೊಂಡು ಬರುತ್ತಾಳೆ. ಅವತ್ತು ಕೇಳಿ, ಏನಂತ ಕರೆಯೋಣ ಅಂತ.

ಬಂಟಿ ಹೆಸರನ್ನು ಬೇರೆ ಕಡೆ ಇಡಬೇಕು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ ಒಂದು ವೀರಗಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕ್ರಿ.ಶ. 950ರ ಸುಮಾರಿನದು. ಮಣಲೇರ ಎಂಬ ವೀರ, ಯುದ್ಧದಲ್ಲಿ ತೋರಿದ ಶೌರ್ಯಕ್ಕೆ ಏನು ಬೇಕು ಕೇಳು ಅಂತ ಒಡೆಯ ಅಂದಾಗ ಕಾಳಿ ಎಂಬ ನಾಯಿಯನ್ನು ಕೇಳಿ ಪಡೆದ. ಕಾಳಿ ದೊಡ್ಡ ಕಾಡುಹಂದಿಯ ಜೊತೆ ಹೋರಾಡಿತು, ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ಮಣಲೇರ ಅದರ ನೆನಪಿಗೆ ಕಲ್ಲು ನಿಲ್ಲಿಸಿದ. ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಕಾದಾಡುವ ಚಿತ್ರ ಕೆತ್ತಿದ್ದಾರೆ, ಹೆಸರು ಹಳಗನ್ನಡದಲ್ಲಿದೆ. ಸಾವಿರ ವರ್ಷ ದಾಟಿದರೂ ಅವಳ ಹೆಸರು ನಮಗೆ ಗೊತ್ತಿದೆ ನೋಡಿ. ಬೆಂಗಳೂರಿಗೆ ಹೋದಾಗ ಮಗಳಿಗೆ ಆ ಕಲ್ಲು ತೋರಿಸಿ.

ಅಲ್ಲಿಯವರೆಗೆ ಹೇಮಾವತಿಯಲ್ಲೋ ಭದ್ರೆಯಲ್ಲೋ ಒಂದು ಚಪ್ಪಟೆ ಕಲ್ಲು ಹುಡುಕಿ ತನ್ನಿ. ಬಿಳಿ ಬಣ್ಣದಲ್ಲಿ ಅವಳ ಕೈಯಿಂದಲೇ ಬಂಟಿ ಅಂತ ಬರೆಸಿ, ಅವನು ದಿನಾ ಮಲಗುತ್ತಿದ್ದ ಜಾಗದಲ್ಲಿ ಇಡಿ. ನಮ್ಮ ಹಲಸಿನ ಮರದ ಕೆಳಗೆ ಮುನ್ನಿಯ ಕಲ್ಲಿದೆ. ಮಳೆಗಾಲ ಮುಗಿದ ಮೇಲೆ ಪ್ರತಿ ವರ್ಷ ಅಕ್ಷರ ತಿದ್ದುತ್ತೇನೆ. ಅಲ್ಲೇ ಪಕ್ಕದಲ್ಲಿ ನಮ್ಮ ರಾಣಿ ಬಿಸಿಲು ಕಾಯಿಸುತ್ತಾ ಮಲಗಿರುತ್ತಾಳೆ. ಅವಳಿಗೀಗ ಕಿವಿ ಕೇಳುವುದಿಲ್ಲ, ಹೆಸರು ಕರೆದು ಉಪಯೋಗವಿಲ್ಲ. ಹತ್ತಿರ ಹೋಗಿ ನೆಲಕ್ಕೆ ಎರಡು ಸಲ ಕಾಲು ತಟ್ಟುತ್ತೇನೆ. ಕಣ್ಣು ಬಿಟ್ಟು, ಬಾಲ ಒಂದು ಸಲ ನೆಲಕ್ಕೆ ಬಡಿದು, ಏಳುತ್ತಾಳೆ. ಆದರೂ ಬಾಯಲ್ಲಿ 'ರಾಣೀ' ಅಂದೇ ತಟ್ಟುತ್ತೇನೆ.